ಹೋಗೋ ಬಸ್ಸಿದೆ, ಬರೋ ಬಸ್ಸಿಲ್ಲ: ಶಾಸಕರು ಕೇಳದೆ ಬಿಡುವ ಪ್ರಶ್ನೆ

ಅಧಿವೇಶನ ಶುರುವಾಯಿತೆಂದರೆ ಟಿವಿಯಲ್ಲಿ ನಮಗೆ ಕಾಣುವುದು ಗಲಾಟೆ ಮಾತ್ರ. ಸದನದ ಬಾವಿಗಿಳಿದರು, ಸಭಾತ್ಯಾಗ ಮಾಡಿದರು, ಕಾಗದ ಹರಿದು ತೂರಿದರು. ಅದೇ ದಿನ ಪ್ರಶ್ನೋತ್ತರ ವೇಳೆಯಲ್ಲಿ ಯಾವುದೋ ತಾಲ್ಲೂಕಿನ ಶಾಸಕರೊಬ್ಬರು ಎದ್ದು ನಿಂತು, ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರ್ ಇಲ್ಲ, ನಮ್ಮ ಹಳ್ಳಿಗಳಿಗೆ ಬಸ್ ಬರುತ್ತಿಲ್ಲ ಎಂದು ಕೇಳಿರುತ್ತಾರೆ. ಸಚಿವರು ಉತ್ತರವನ್ನೂ ಕೊಟ್ಟಿರುತ್ತಾರೆ. ಆದರೆ ಅದು ಬರುವುದು ಪೇಪರಿನ ಜಿಲ್ಲಾ ಪುಟದ ಮೂಲೆಯಲ್ಲಿ, ಅದೂ ಜಾಗ ಉಳಿದರೆ.

ನನಗೆ ಈ ಉತ್ತರಗಳನ್ನು ಓದುವ ಚಟ ಇದೆ. ವಿಧಾನಮಂಡಲದ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಬಿದ್ದಿರುತ್ತವೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಮಧ್ಯೆ ಒಂದು ಗೆರೆ. ಓದಿ ಓದಿ ನನಗೆ ಅನ್ನಿಸಿದ್ದು ಇಷ್ಟು: ಆಸ್ಪತ್ರೆಯ ಪ್ರಶ್ನೆ ಮತ್ತು ಬಸ್ಸಿನ ಪ್ರಶ್ನೆ ಎರಡನ್ನೂ ಬೇರೆ ಬೇರೆಯಾಗಿ ಕೇಳುತ್ತಿರುವವರೆಗೆ ಸರ್ಕಾರ ಒಂದೇ ಒಂದು ಸುಳ್ಳು ಹೇಳದೆ ತಪ್ಪಿಸಿಕೊಳ್ಳಬಹುದು.

ಮೊದಲು ಪದ್ಧತಿ ಹೇಗಿದೆ ನೋಡೋಣ. ವಿಧಾನಸಭೆಯಲ್ಲಿ 224 ಜನ, ಪರಿಷತ್ತಿನಲ್ಲಿ 75 ಜನ. ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಸಚಿವರು ಸದನದಲ್ಲಿ ಬಾಯಿಬಿಟ್ಟು ಉತ್ತರಿಸಬೇಕು, ಅದರ ಮೇಲೆ ಮರುಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಾದರೆ ಲಿಖಿತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಇದಲ್ಲದೆ ಶೂನ್ಯ ವೇಳೆ ಇದೆ, ಗಮನ ಸೆಳೆಯುವ ಸೂಚನೆ ಇದೆ, ನಿಯಮ 69ರ ಅಡಿ ಚರ್ಚೆ ಇದೆ, ಬೆಂಕಿ ಬಿದ್ದಂಥ ವಿಷಯಕ್ಕೆ ಉಳಿದ ಕಲಾಪ ಬದಿಗಿಟ್ಟು ಚರ್ಚಿಸಲು ನಿಯಮ 60ರ ನಿಲುವಳಿ ಸೂಚನೆ ಇದೆ. ಪ್ರಶ್ನೋತ್ತರಕ್ಕೆ ಸಿಗುವುದು ದಿನಕ್ಕೆ ಸುಮಾರು ಒಂದು ಗಂಟೆ. ಅದರಲ್ಲಿ ಮೌಖಿಕವಾಗಿ ಮುಗಿಯುವುದು ಬೆರಳೆಣಿಕೆಯ ಪ್ರಶ್ನೆಗಳು. ಉಳಿದವಕ್ಕೆಲ್ಲ 'ಉತ್ತರವನ್ನು ಮಂಡಿಸಲಾಗಿದೆ'.

ಆ ಉತ್ತರಗಳಿಗೆ ಅವುಗಳದ್ದೇ ಒಂದು ಕನ್ನಡ ಇದೆ. ಸರ್ಕಾರದ ಗಮನಕ್ಕೆ ಬಂದಿದೆಯೇ? 'ಬಂದಿದೆ.' ಯಾವಾಗ ಸರಿಪಡಿಸಲಾಗುವುದು? 'ಅನುದಾನದ ಲಭ್ಯತೆಗನುಗುಣವಾಗಿ ಹಂತ ಹಂತವಾಗಿ ಕ್ರಮ ವಹಿಸಲಾಗುವುದು.' ಇಲ್ಲದಿದ್ದರೆ ಕಾರಣವೇನು? 'ಉದ್ಭವಿಸುವುದಿಲ್ಲ.' ಈ 'ಉದ್ಭವಿಸುವುದಿಲ್ಲ' ಎನ್ನುವ ಪದ ನನಗೆ ಬಹಳ ಇಷ್ಟ. ಇಡೀ ತಾಲ್ಲೂಕಿನ ಸಂಕಟ ಒಂದೇ ಪದದಲ್ಲಿ ಮಾಯ. ಇನ್ನು 'ವಿವರಗಳನ್ನು ಅನುಬಂಧ-1ರಲ್ಲಿ ಒದಗಿಸಲಾಗಿದೆ' ಎಂದು ಬಂದರೆ ಹತ್ತಾರು ಪುಟದ ಪಟ್ಟಿ ಗ್ಯಾರಂಟಿ. ಮಂಜೂರಾದ ಹುದ್ದೆ ಇಷ್ಟು, ಭರ್ತಿಯಾದದ್ದು ಇಷ್ಟು, ಖಾಲಿ ಇಷ್ಟು. ಬಸ್ಸಿನ ಉತ್ತರವಾದರೆ ಘಟಕದಲ್ಲಿ ಇರುವ ವಾಹನ ಇಷ್ಟು, ಓಡುವ ಶೆಡ್ಯೂಲ್ ಇಷ್ಟು, ದಿನಕ್ಕೆ ಇಷ್ಟು ಟ್ರಿಪ್. ಎಲ್ಲ ಲೆಕ್ಕವೂ ಸರಿ ಇರುತ್ತದೆ. ಆದರೆ ಆ ಪಟ್ಟಿ ಹಿಡಿದು ಯಾವ ರೋಗಿಯೂ ಸಂಜೆ ಮನೆ ತಲುಪಲಾರ.

ಒಂದು ಸಣ್ಣ ಘಟನೆ ಹೇಳುತ್ತೇನೆ. ಮಲೆನಾಡಿನ ಕಡೆ ಇರುವ ನನ್ನ ಚಿಕ್ಕಮ್ಮನಿಗೆ ಮಂಡಿ ನೋವು. ಒಮ್ಮೆ ಅವರ ಜತೆ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದೆ. ಬೆಳಗ್ಗೆ ಏಳೂವರೆ ಬಸ್ಸು ಹತ್ತಿದೆವು, ಒಂಬತ್ತೂವರೆಗೆ ಚೀಟಿ ಮಾಡಿಸಿದೆವು, ಡಾಕ್ಟರು ನೋಡಿ ಎಕ್ಸ್‌ರೇ ಬರೆದುಕೊಟ್ಟಾಗ ಹನ್ನೆರಡಾಗಿತ್ತು, ಎಕ್ಸ್‌ರೇ ಆಗುವಷ್ಟರಲ್ಲಿ ಊಟದ ಹೊತ್ತು. ರಿಪೋರ್ಟ್ ನೋಡುವುದು ಮೂರರ ಮೇಲೆ ಎಂದರು. ನಮ್ಮ ಊರಿನ ಕಡೆ ಕೊನೆಯ ಬಸ್ಸು ಮೂರೂ ಕಾಲಿಗೆ. ಚಿಕ್ಕಮ್ಮ ಒಂದು ನಿಮಿಷವೂ ಯೋಚಿಸಲಿಲ್ಲ. 'ನಡಿ ಮಾರಾಯ, ಇನ್ನೊಂದಿನ ಬಂದ್ರಾಯ್ತು' ಎಂದು ಎಕ್ಸ್‌ರೇ ಕವರ್ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. ಆ ಇನ್ನೊಂದು ದಿನ ಬಂದದ್ದು ಎರಡು ತಿಂಗಳ ಮೇಲೆ.

ಈಗ ಇದನ್ನೇ ಸರ್ಕಾರದ ಕಾಗದದಲ್ಲಿ ಹುಡುಕಿ. ಆಸ್ಪತ್ರೆ ಇದೆಯಾ? ಇದೆ. ಡಾಕ್ಟರ್ ಇದ್ದರಾ? ಇದ್ದರು. ಎಕ್ಸ್‌ರೇ ಯಂತ್ರ ಕೆಲಸ ಮಾಡುತ್ತಿತ್ತಾ? ಮಾಡುತ್ತಿತ್ತು. ಊರಿಗೆ ಬಸ್ ಇದೆಯಾ? ಇದೆ, ದಿನಕ್ಕೆ ಎರಡು ಟ್ರಿಪ್. ಆರೋಗ್ಯ ಇಲಾಖೆಯದ್ದೂ ತಪ್ಪಿಲ್ಲ, ಸಾರಿಗೆ ಸಂಸ್ಥೆಯದ್ದೂ ತಪ್ಪಿಲ್ಲ. ಚಿಕಿತ್ಸೆ ಮಾತ್ರ ಸಿಗಲಿಲ್ಲ.

ಇದಕ್ಕೆ ಕಾರಣ ಯಾರ ಕೆಟ್ಟತನವೂ ಅಲ್ಲ, ಇಲಾಖೆಗಳ ಗೋಡೆ. ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆ ಆರೋಗ್ಯ ಇಲಾಖೆಗೆ ಸೇರಿದವು. ಮೆಡಿಕಲ್ ಕಾಲೇಜಿಗೆ ಜೋಡಿಸಿದ ಜಿಲ್ಲಾಸ್ಪತ್ರೆ ವೈದ್ಯಕೀಯ ಶಿಕ್ಷಣ ಇಲಾಖೆಯದ್ದು. ಬಸ್ಸು ಸಾರಿಗೆ ಇಲಾಖೆಯದ್ದು. 2023ರಲ್ಲಿ ರಚನೆಯಾದ ಸರ್ಕಾರದಲ್ಲಿ ಈ ಮೂರನ್ನೂ ಕ್ರಮವಾಗಿ ದಿನೇಶ್ ಗುಂಡೂರಾವ್, ಶರಣಪ್ರಕಾಶ ಪಾಟೀಲ, ರಾಮಲಿಂಗಾ ರೆಡ್ಡಿ ಅವರಿಗೆ ಕೊಡಲಾಯಿತು. ರಸ್ತೆ ಯಾವುದು ಎನ್ನುವುದರ ಮೇಲೆ ಲೋಕೋಪಯೋಗಿ ಅಥವಾ ಗ್ರಾಮೀಣಾಭಿವೃದ್ಧಿ, ಹೆದ್ದಾರಿಯಾದರೆ ಕೇಂದ್ರ ಸರ್ಕಾರ, ಮಧ್ಯೆ ಕಾಡು ಬಂದರೆ ಅರಣ್ಯ ಇಲಾಖೆ. ಪ್ರಶ್ನೆ ಯಾವ ಇಲಾಖೆಗೆ ಹೋಯಿತೋ ಆ ಇಲಾಖೆ ತನ್ನ ಪಾಲಿನದ್ದಕ್ಕೆ ಮಾತ್ರ ಉತ್ತರ ಬರೆಯುತ್ತದೆ. ಇಲಾಖೆಗಳಿಗೆ ವಾರದ ದಿನಗಳನ್ನು ಹಂಚಿರುವುದರಿಂದ ಆರೋಗ್ಯ ಸಚಿವರು ಉತ್ತರಿಸುವ ದಿನ ಸಾರಿಗೆ ಸಚಿವರ ಸರದಿ ಇರಲೇಬೇಕೆಂದೇನೂ ಇಲ್ಲ. ರೋಗಿ ಮಾತ್ರ ಈ ಎಲ್ಲ ಇಲಾಖೆಗಳನ್ನೂ ಒಂದೇ ದಿನದಲ್ಲಿ ದಾಟಬೇಕು.

ಮಂಡಿ ನೋವಾದರೆ ಎರಡು ತಿಂಗಳು ತಳ್ಳಬಹುದು. ಡಯಾಲಿಸಿಸ್ ತಳ್ಳಲು ಬರುತ್ತದಾ? ಕಿಡ್ನಿ ಕೈಕೊಟ್ಟವರು ವಾರಕ್ಕೆ ಎರಡು ಅಥವಾ ಮೂರು ಸಲ ಹೋಗಬೇಕು, ಒಂದು ಸಲ ಕೂತರೆ ಸುಮಾರು ನಾಲ್ಕು ಗಂಟೆ. ವಾರಕ್ಕೆ ಮೂರರಂತೆ ಲೆಕ್ಕ ಹಾಕಿ, ವರ್ಷಕ್ಕೆ 156 ಸಲ. ಹೋಗಿ ಬರುವುದು ಸೇರಿದರೆ 312 ಪ್ರಯಾಣ. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕ ಬಂದಿರುವುದು ನಿಜಕ್ಕೂ ದೊಡ್ಡ ಕೆಲಸ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರ ಪಾಳಿಯಲ್ಲಿ ಓಡುತ್ತದೆ. ಎರಡನೇ ಪಾಳಿ ಸಿಕ್ಕವರು ಮುಗಿಸಿ ಎದ್ದಾಗ ಸಂಜೆ. ಸೂಜಿ ತೆಗೆದ ಕೈಗೆ ಬ್ಯಾಂಡೇಜ್ ಸುತ್ತಿಕೊಂಡು, ತಲೆ ಸುತ್ತುತ್ತಾ ಹೊರಗೆ ಬಂದರೆ ಊರಿನ ಬಸ್ಸು ಹೋಗಿ ಗಂಟೆಯಾಗಿರುತ್ತದೆ. ಆಮೇಲೆ ಆಟೊ, ಇಲ್ಲವೇ ಬಾಡಿಗೆ ಓಮ್ನಿ. ಚಿಕಿತ್ಸೆ ಉಚಿತ, ರೋಗಿ ಹೆಂಗಸಾಗಿದ್ದರೆ ಶಕ್ತಿ ಯೋಜನೆಯಲ್ಲಿ ಬಸ್ಸೂ ಉಚಿತ, ಆದರೂ ಮನೆ ಸಾಲಕ್ಕೆ ಬೀಳುವುದು ಆ ಓಮ್ನಿಯ ಬಾಡಿಗೆಯಿಂದ. ಸದನದಲ್ಲಿ ಕೇಳುವುದು ಏನು? 'ಎಷ್ಟು ಡಯಾಲಿಸಿಸ್ ಯಂತ್ರಗಳಿವೆ?'

ಹಾಗಾದರೆ ವಾಪಸ್ ಬರುವ ದಾರಿಯ ಬಗ್ಗೆ ಸರ್ಕಾರ ಯಾವತ್ತೂ ಯೋಚಿಸಿಲ್ಲವಾ? ಒಂದು ಕಡೆ ಯೋಚಿಸಿದೆ. 108 ಆಂಬುಲೆನ್ಸ್ ನಮ್ಮಲ್ಲಿ ಆರೋಗ್ಯ ಕವಚ ಎಂಬ ಹೆಸರಲ್ಲಿ 2008ರ ನವೆಂಬರ್ 1ರಂದು ಶುರುವಾಯಿತು. ಅದು ಕರೆದುಕೊಂಡು ಹೋಗುತ್ತದೆ, ವಾಪಸ್ ಬಿಡುವುದಿಲ್ಲ, ಅದರ ಕೆಲಸವೂ ಅದಲ್ಲ. ಹೆರಿಗೆಯಾದ ತಾಯಿ ಮತ್ತು ಕೂಸನ್ನು ಮನೆಗೆ ತಲುಪಿಸಲು ಮಾತ್ರ 'ನಗು-ಮಗು' ಎಂಬ ಬೇರೆ ವಾಹನ ಇದೆ. ಎಷ್ಟು ಸರಳವಾದ, ಎಷ್ಟು ಒಳ್ಳೆಯ ಯೋಚನೆ ನೋಡಿ. ಬಾಣಂತಿಯನ್ನು ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಬಾರದು ಎಂದು ಯಾರಿಗೋ ಹೊಳೆದಿದೆ. ಆದರೆ ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡ ಮುದುಕರಿಗೆ, ಕೀಮೋ ಮುಗಿಸಿದವರಿಗೆ, ಡಯಾಲಿಸಿಸ್ ಮುಗಿಸಿದವರಿಗೆ ಅದು ಹೊಳೆಯಲಿಲ್ಲ. ನಗು-ಮಗು ಗಾಡಿಗಳು ಖಾಲಿ ನಿಂತಿರುವ ಹೊತ್ತಿನಲ್ಲಿ ಬೇರೆ ರೋಗಿಗಳನ್ನು ಬಿಡಬಹುದೇ ಎಂದು ಯಾವ ಶಾಸಕರಾದರೂ ಕೇಳಿದರೆ ಅದು ಅನುಬಂಧ-1ಕ್ಕಿಂತ ಉಪಯೋಗದ ಪ್ರಶ್ನೆ.

ಹೆರಿಗೆ ಸಾವುಗಳ ಮೇಲೆ ಕೆಲಸ ಮಾಡುವವರು ಮೂರು ತಡಗಳ ಬಗ್ಗೆ ಹೇಳುತ್ತಾರೆ. ಆಸ್ಪತ್ರೆಗೆ ಹೋಗೋಣ ಎಂದು ಮನೆಯಲ್ಲಿ ತೀರ್ಮಾನ ಮಾಡುವುದರಲ್ಲಿ ಒಂದು ತಡ, ಹೋಗಿ ತಲುಪುವುದರಲ್ಲಿ ಎರಡನೆಯದು, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ಮೂರನೆಯದು. ಆರೋಗ್ಯ ಇಲಾಖೆ ಉತ್ತರ ಕೊಡುವುದು ಮೂರನೆಯದಕ್ಕೆ. ಎರಡನೆಯದು ಯಾರದ್ದು? ಅದರಲ್ಲೂ ಮೊದಲನೆಯದು ಎಷ್ಟೋ ಸಲ ಎರಡನೆಯದರ ನೆರಳು. ಗಾಡಿ ಸಿಗುವುದಿಲ್ಲ ಎಂದು ಗೊತ್ತಿರುವ ಮನೆಯಲ್ಲಿ 'ಬೆಳಗಾಗಲಿ, ನೋಡೋಣ' ಎನ್ನುವುದು ಅಜ್ಞಾನವಲ್ಲ, ಲೆಕ್ಕಾಚಾರ. 2018-20ರ ಅವಧಿಯ ಮಾದರಿ ನೋಂದಣಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ದಕ್ಷಿಣದ ಈ ಐದು ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ಇದಕ್ಕೆಲ್ಲ ಬಸ್ಸೇ ಕಾರಣ ಎಂದು ನಾನು ಹೇಳುತ್ತಿಲ್ಲ, ರಕ್ತಹೀನತೆಯಿಂದ ಹಿಡಿದು ಸಿಸೇರಿಯನ್ ವಾರ್ಡಿನ ಸ್ವಚ್ಛತೆಯವರೆಗೆ ನೂರು ಕಾರಣಗಳಿವೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಅನುಮಾನ ಬಂದದ್ದು ಗ್ಲೂಕೋಸಿನಂತೆ ಏರಿಸುವ ದ್ರಾವಣದ ಮೇಲೆ. ಮುಂದಿನ ತಿಂಗಳು ಬೆಳಗಾವಿ ಅಧಿವೇಶನದಲ್ಲಿ ಅದು ದೊಡ್ಡ ಗದ್ದಲವಾಯಿತು, ಆಗಲೇಬೇಕಿತ್ತು. ಒಂದೇ ಕಡೆ ಐದು ಸಾವಾದರೆ ಸದನ ಎಚ್ಚರವಾಗುತ್ತದೆ. ಐದು ತಾಲ್ಲೂಕಿನಲ್ಲಿ ಒಂದೊಂದಾಗಿ, ದಾರಿಯಲ್ಲಿ ಆದರೆ ಆಗುವುದಿಲ್ಲ.

ದಾರಿ ಎಂದರೆ ರೋಗಿಯ ದಾರಿಯೊಂದೇ ಅಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. 24 ಜನ ತೀರಿಕೊಂಡರು. ಅಲ್ಲಿ ಹಾಸಿಗೆ ಇತ್ತು, ಡಾಕ್ಟರಿದ್ದರು. ಮೈಸೂರಿನಿಂದ ಬರಬೇಕಾದ ಆಕ್ಸಿಜನ್ ಬರಲಿಲ್ಲ. ಅದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನ ಹಳ್ಳಿಗಳಲ್ಲಿ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ತರುವ ಫೋಟೊಗಳು ಆಗಾಗ ಬರುತ್ತಲೇ ಇದ್ದವು. ಅಲ್ಲಿ ಜೀಪ್ ಓಡಿಸಲು ಮುಂದೆ ಬಂದದ್ದು ಆರೋಗ್ಯ ಇಲಾಖೆಯೂ ಅಲ್ಲ, ಸಾರಿಗೆ ಸಂಸ್ಥೆಯೂ ಅಲ್ಲ, ಅರಣ್ಯ ಇಲಾಖೆ. 'ಜನ-ವನ ಸಾರಿಗೆ' ಎಂದು ಹೆಸರಿಟ್ಟರು. ಇಲಾಖೆಯ ಗೋಡೆ ದಾಟಿದರೆ ಏನಾಗುತ್ತದೆ ಎನ್ನುವುದಕ್ಕೆ ಇದು ಸಣ್ಣ ಉದಾಹರಣೆ.

ದೊಡ್ಡ ಉದಾಹರಣೆ ಬೇಕೆಂದರೆ ಸಾಗರ ತಾಲ್ಲೂಕಿನ ತುಮರಿ ಕಡೆ ಹೋಗಬೇಕು. ಲಿಂಗನಮಕ್ಕಿ ಅಣೆಕಟ್ಟಿನಿಂದ ಶರಾವತಿ ಹಿನ್ನೀರು ಹರಡಿದ ಮೇಲೆ ಆ ದಂಡೆಯ ಊರುಗಳು ದ್ವೀಪದಂತೆ ಆದವು. ಸಾಗರಕ್ಕೆ ಬರಲು ಲಾಂಚೇ ಗತಿಯಾಗಿತ್ತು. ಲಾಂಚ್ ಸಂಜೆಗೆ ನಿಲ್ಲುತ್ತಿತ್ತು. ರಾತ್ರಿ ಎದೆನೋವು ಬಂದರೆ ಒಂದೋ ಸುತ್ತು ಬಳಸಿ ಹೋಗಬೇಕಿತ್ತು, ಇಲ್ಲ ಬೆಳಗಿನವರೆಗೆ ಕಾಯಬೇಕಿತ್ತು. ದಶಕಗಟ್ಟಲೆ ಅರ್ಜಿ, ಪಾದಯಾತ್ರೆ, ಸದನದಲ್ಲಿ ಪ್ರಶ್ನೆ ಎಲ್ಲ ಆಗಿ ಕೊನೆಗೆ ಅಂಬಾರಗೊಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಪೇಪರುಗಳು ಸಿಗಂದೂರು ಸೇತುವೆ ಎಂದು ಬರೆದವು, ದೇವಸ್ಥಾನಕ್ಕೆ ಹೋಗುವವರಿಗೆ ಅನುಕೂಲ ಎಂದು ಬರೆದವು. ನನ್ನ ಪ್ರಕಾರ ಅದು ಆ ಭಾಗದ ಅತಿ ದೊಡ್ಡ ಆರೋಗ್ಯ ಯೋಜನೆ. ಆರೋಗ್ಯ ಇಲಾಖೆಯ ಯಾವ ಪಟ್ಟಿಯಲ್ಲೂ ಅದರ ಹೆಸರು ಬರುವುದಿಲ್ಲ, ಅಷ್ಟೇ.

ಕಾಕತಾಳೀಯ ನೋಡಿ, ಅದೇ ದಿನ ಬೆಂಗಳೂರಿನಲ್ಲಿ ಶಕ್ತಿ ಯೋಜನೆಯ 500 ಕೋಟಿಯನೇ ಉಚಿತ ಟಿಕೆಟ್ ಕೊಟ್ಟ ಕಾರ್ಯಕ್ರಮವೂ ಇತ್ತು. 2023ರ ಜೂನ್ 11ರಂದು ಶುರುವಾದ ಯೋಜನೆ ಎರಡೇ ವರ್ಷದಲ್ಲಿ ಅಷ್ಟು ಓಡಾಟ ಕಂಡಿದೆ. ಇದರಲ್ಲಿ ಎಷ್ಟು ಪ್ರಯಾಣ ಆಸ್ಪತ್ರೆಗೆ ಆಗಿರಬಹುದು? ಗಂಡನ ಹತ್ತಿರ ದುಡ್ಡು ಕೇಳದೆ ಹೆಂಗಸರು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರುವುದನ್ನು ನಾನೇ ನೋಡಿದ್ದೇನೆ, ಹಾಗಾಗಿ ಶಕ್ತಿಯನ್ನು ಸುಮ್ನೆ ಬಯ್ಯುವವರ ಸಾಲಿನಲ್ಲಿ ನಾನಿಲ್ಲ. ಆದರೆ ಟಿಕೆಟ್ ಉಚಿತ ಆಗಬೇಕಾದರೆ ಮೊದಲು ಬಸ್ಸು ಬರಬೇಕು. ದಕ್ಷಿಣ ಕನ್ನಡ, ಉಡುಪಿಯ ಎಷ್ಟೋ ಹಳ್ಳಿಗಳಿಗೆ ಖಾಸಗಿ ಬಸ್ಸು ಬಿಟ್ಟರೆ ಬೇರೆ ಇಲ್ಲ, ಅಲ್ಲಿ ಶಕ್ತಿ ನಡೆಯುವುದಿಲ್ಲ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಮೂಲೆಮೂಲೆಗೆ ಸುಮಾರು ಮೂರು ದಶಕ ಬಸ್ಸು ಓಡಿಸಿ 2020ರ ಫೆಬ್ರುವರಿಯಲ್ಲಿ ನಷ್ಟದಿಂದ ನಿಂತುಹೋಯಿತು. ಅದು ನಿಂತಾಗ ಅದು ಸಾರಿಗೆ ಸುದ್ದಿಯಾಯಿತು, ಕಾರ್ಮಿಕರ ಸುದ್ದಿಯಾಯಿತು. ಆ ಬಸ್ಸು ನಂಬಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದವರು ಏನಾದರು ಎಂದು ಯಾರೂ ಕೇಳಲಿಲ್ಲ.

ಡಿಪೋ ಮ್ಯಾನೇಜರನ್ನು ಕೇಳಿದರೆ ಅವರ ಕಷ್ಟ ಅವರು ಹೇಳುತ್ತಾರೆ. ಡ್ರೈವರ್ ಇಲ್ಲ, ಕಂಡಕ್ಟರ್ ಇಲ್ಲ, ಹಳೇ ಗಾಡಿ, ಆ ರೂಟಿನಲ್ಲಿ ಕಿಲೋಮೀಟರಿಗೆ ಸಿಗುವ ಆದಾಯ ಡೀಸೆಲ್ಲಿಗೂ ಸಾಲುವುದಿಲ್ಲ. ಇದು ನೆಪವಲ್ಲ, ನಿಜ. ಒಂದು ಊರಿನಲ್ಲಿ ರಾತ್ರಿ ಹಾಲ್ಟ್ ಆಗುವ ಬಸ್ಸು, ಉತ್ತರ ಕರ್ನಾಟಕದವರು ವಸ್ತಿ ಬಸ್ ಎನ್ನುತ್ತಾರಲ್ಲ, ಅದನ್ನು ತೆಗೆದರೆ ಉಳಿತಾಯ ಆಗುತ್ತದೆ. ಆದರೆ ಆ ಬಸ್ಸು ತೆಗೆದರೆ ಸಂಜೆ ಊರಿಗೆ ಹೋಗುವ ಕೊನೆಯ ಟ್ರಿಪ್ಪೂ ಹೋಯಿತು, ಬೆಳಗಿನ ಮೊದಲ ಟ್ರಿಪ್ಪೂ ಹೋಯಿತು. ಸಂಸ್ಥೆಯ ಪುಸ್ತಕದಲ್ಲಿ ಒಂದು ಶೆಡ್ಯೂಲ್ ಕಡಿಮೆಯಾದದ್ದು ಅಷ್ಟೇ ಕಾಣುತ್ತದೆ. ಇನ್ನೊಂದು ವಿಷಯವನ್ನು ಹೊರಗಿನವರು ಗಮನಿಸುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸು, ಲ್ಯಾಬ್ ಟೆಕ್ನಿಷಿಯನ್ ಎಷ್ಟೋ ಕಡೆ ಅದೇ ಬಸ್ಸಿನಲ್ಲಿ ಬಂದು ಅದೇ ಬಸ್ಸಿನಲ್ಲಿ ಹೋಗುವವರು. ಬೋರ್ಡಿನ ಮೇಲೆ ಏನೇ ಬರೆದಿರಲಿ, ಆ ಆಸ್ಪತ್ರೆಯ ನಿಜವಾದ ವೇಳೆ ಬಸ್ಸಿನ ವೇಳೆಯೇ. ವೈದ್ಯರಿಗೆ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆ ಎಂದು 2012ರಲ್ಲೇ ಕಾನೂನು ಮಾಡಿದರು. ಹಳ್ಳಿಗೆ ಕಳಿಸುವುದಕ್ಕೆ ಕಾನೂನು ಸಾಕು. ಅಲ್ಲಿ ಉಳಿಸಿಕೊಳ್ಳುವುದಕ್ಕೆ ಮನೆ, ರಸ್ತೆ, ಬಸ್ಸು ಬೇಕು.

ಇನ್ನು ಜನಸಂಖ್ಯೆಯ ಮಾನದಂಡ. ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡಿನಲ್ಲಿ 20 ಸಾವಿರಕ್ಕೆ ಒಂದು, ನಗರದಲ್ಲಿ 50 ಸಾವಿರಕ್ಕೆ ಒಂದು. ಕೇಳಿದರೆ ಗುಡ್ಡಗಾಡಿನವರಿಗೆ ಉದಾರವಾಗಿ ಕೊಟ್ಟಿದ್ದಾರೆ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಾಂದ್ರತೆ ಚದರ ಕಿಲೋಮೀಟರಿಗೆ 140. ಬೆಂಗಳೂರು ನಗರ ಜಿಲ್ಲೆಯದ್ದು 4,381. ಅಂದರೆ ಬೆಂಗಳೂರಿನಲ್ಲಿ 50 ಸಾವಿರ ಜನ ಸುಮಾರು 11 ಚದರ ಕಿಲೋಮೀಟರಿನಲ್ಲಿ ಸಿಗುತ್ತಾರೆ. ಉತ್ತರ ಕನ್ನಡದಲ್ಲಿ 20 ಸಾವಿರ ಜನರನ್ನು ಒಟ್ಟು ಮಾಡಲು 143 ಚದರ ಕಿಲೋಮೀಟರ್ ಬೇಕು. ಇದು ಇಡೀ ಜಿಲ್ಲೆಯ ಸರಾಸರಿ. ಜೋಯಿಡಾದಂಥ ತಾಲ್ಲೂಕಿಗೆ ಹೋದರೆ ಇದರ ಎಷ್ಟೋ ಪಟ್ಟು. ಆ 143 ಚದರ ಕಿಲೋಮೀಟರಿನ ನಡುವಿನಿಂದ ಅಂಚಿಗೆ ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಏಳು ಕಿಲೋಮೀಟರ್ ಇರುವುದು ಘಟ್ಟದ ತಿರುವುಗಳಲ್ಲಿ, ಹಳ್ಳ ಬಳಸಿ ಹೋಗುವಾಗ ಎಷ್ಟಾಗುತ್ತದೆ ಎಂದು ಅಲ್ಲಿಯವರನ್ನೇ ಕೇಳಬೇಕು. ಹಾಗಾಗಿ 'ಮಾನದಂಡದ ಪ್ರಕಾರ ಆರೋಗ್ಯ ಕೇಂದ್ರಗಳಿವೆ' ಎಂದು ಸಚಿವರು ಉತ್ತರ ಕೊಟ್ಟರೆ ಅದು ಸುಳ್ಳೂ ಅಲ್ಲ, ಉತ್ತರವೂ ಅಲ್ಲ.

ಉತ್ತರ ಕನ್ನಡದ ಮಾತು ಬಂದ ಮೇಲೆ 2022ರ ಜುಲೈ 20 ಬಿಟ್ಟು ಮುಂದೆ ಹೋಗಲಾಗದು. ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದುಕೊಂಡು ಕುಂದಾಪುರಕ್ಕೆ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಮಗುಚಿತು. ನಾಲ್ವರು ಸತ್ತರು. (ಇದು ಬೈಂದೂರಿನ ಶಿರೂರು. 2024ರಲ್ಲಿ ಗುಡ್ಡ ಕುಸಿದದ್ದು ಅಂಕೋಲೆಯ ಶಿರೂರು. ಎರಡೂ ಅದೇ ಹೆದ್ದಾರಿ 66ರ ಮೇಲೆ.) ಆಗ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು, ಇಲ್ಲದಿದ್ದರೆ ವೋಟಿಲ್ಲ ಎಂಬ ಕೂಗು ಮತ್ತೆ ಎದ್ದಿತು. ಕೂಗು ನ್ಯಾಯವಾದದ್ದೇ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದ್ದರೂ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುತ್ತಾರೆ ಎಂದರೆ ಏನೋ ಕೊರತೆ ಇದೆ ಅಲ್ವಾ. ಆದರೆ ಆಸ್ಪತ್ರೆ ಎಲ್ಲಿ ಕಟ್ಟಿದರೂ 12 ತಾಲ್ಲೂಕಿನಲ್ಲಿ ಅರ್ಧಕ್ಕೆ ದೂರವೇ. ಸಿದ್ದಾಪುರದವರಿಗೆ ಪಕ್ಕದ ಜಿಲ್ಲೆಯ ಸಾಗರ ಹತ್ತಿರ, ಕಾರವಾರ ನೂರು ಕಿಲೋಮೀಟರ್ ದಾಟುತ್ತದೆ. ಸಿದ್ದಾಪುರದ ಬಸ್ಸು ವಾಯವ್ಯ ಸಾರಿಗೆಯದ್ದು, ಸಾಗರದ್ದು ಕೆಎಸ್ಆರ್‌ಟಿಸಿ. ಜಿಲ್ಲೆ ಬೇರೆ, ಸಂಸ್ಥೆ ಬೇರೆ. ರೋಗಕ್ಕೆ ಈ ಗಡಿ ಗೊತ್ತಿಲ್ಲ, ಕಡತಕ್ಕೆ ಗೊತ್ತು.

ಕಡತ ಎಂದಾಗ ರೆಫರಲ್ ನೆನಪಾಗುತ್ತದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಇಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತರಬೇಕು. ನಿಯಮಕ್ಕೆ ಕಾರಣವಿದೆ, ಸರ್ಕಾರದಲ್ಲೇ ಸಿಗುವ ಚಿಕಿತ್ಸೆಗೆ ಖಾಸಗಿಗೆ ದುಡ್ಡು ಕೊಡಬಾರದು. ಆದರೆ ದಿನಕ್ಕೆ ಎರಡು ಬಸ್ಸಿನ ಊರಿನವರಿಗೆ ಒಂದು ಚೀಟಿ ಎಂದರೆ ಒಂದು ದಿನ, ಜತೆಗೆ ಬರುವವರ ಒಂದು ದಿನದ ಕೂಲಿ.

ಇಷ್ಟೆಲ್ಲ ಸರ್ಕಾರವನ್ನು ಕೇಳುವ ಶಾಸಕರ ಕೈಯಲ್ಲೇ ಏನಿದೆ? ಅದನ್ನೂ ಹೇಳಬೇಕು. ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಶಾಸಕರೇ ಅಧ್ಯಕ್ಷರು. ತಾಲ್ಲೂಕಿನ ಎಲ್ಲ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯನ್ನೂ ನಡೆಸುವುದು ಅವರೇ. ಆ ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಯೂ ಇರುತ್ತಾರೆ, ಡಿಪೋ ಮ್ಯಾನೇಜರೂ ಇರುತ್ತಾರೆ, ಒಂದೇ ಮೇಜಿನ ಅಕ್ಕಪಕ್ಕ. ಡಯಾಲಿಸಿಸ್ ಪಾಳಿ ಅರ್ಧ ಗಂಟೆ ಹಿಂದೆ ತರುವುದೋ, ಬಸ್ಸು ಮುಕ್ಕಾಲು ಗಂಟೆ ಮುಂದೆ ಹಾಕುವುದೋ, ಇಷ್ಟನ್ನು ತೀರ್ಮಾನಿಸಲು ಬೆಳಗಾವಿಯ ಸುವರ್ಣ ಸೌಧದವರೆಗೆ ಹೋಗಬೇಕಿಲ್ಲ. ಆದರೆ ಕೆಡಿಪಿ ಸಭೆ ನಡೆಯುವ ರೀತಿ ನಿಮಗೂ ಗೊತ್ತು. ಇಲಾಖೆಗೊಬ್ಬರು ಎದ್ದು ತಮ್ಮ ಪ್ರಗತಿ ಓದುತ್ತಾರೆ, ಶಾಸಕರು ಒಬ್ಬಿಬ್ಬರಿಗೆ ಜೋರು ಮಾಡುತ್ತಾರೆ, ಫೋಟೊ, ಊಟ.

ಇನ್ನೊಂದು ಅಭ್ಯಾಸ, ಶಾಸಕರ ನಿಧಿಯಿಂದ ಆಂಬುಲೆನ್ಸ್ ಕೊಡುವುದು. ವರ್ಷಕ್ಕೆ 2 ಕೋಟಿ ನಿಧಿ ಇದೆ, ಒಂದು ಗಾಡಿ ಕೊಡುವುದು ಕಷ್ಟವಲ್ಲ. ಹೂವಿನ ಹಾರ ಹಾಕಿ, ಬಾಗಿಲ ಮೇಲೆ ಹೆಸರು ಬರೆಸಿ, ಕೀ ಹಸ್ತಾಂತರ ಮಾಡುತ್ತಾರೆ. ಡ್ರೈವರ್ ಸಂಬಳ ಯಾರು ಕೊಡುವುದು, ಡೀಸೆಲ್ ಯಾರು ಹಾಕಿಸುವುದು, ಮೂರನೇ ವರ್ಷ ಟೈರ್ ಹೋದರೆ ಯಾರು ತರುವುದು? ಆಸ್ಪತ್ರೆಯ ಹಿಂದೆ ಹುಲ್ಲು ಬೆಳೆದ ಜಾಗದಲ್ಲಿ ನಿಂತಿರುವ ಅಂಥ ಗಾಡಿಗಳನ್ನು ನಾನು ಒಂದಕ್ಕಿಂತ ಜಾಸ್ತಿ ಊರಲ್ಲಿ ನೋಡಿದ್ದೇನೆ. ಹೆಸರು ಮಾತ್ರ ಇನ್ನೂ ಚೆನ್ನಾಗಿ ಓದಲು ಬರುತ್ತದೆ.

ಹಾಗಂತ ಸದನದ ಪ್ರಶ್ನೆ ದಂಡ ಅಲ್ಲ. ಸರಿಯಾಗಿ ಕೇಳಿದರೆ ಅದಕ್ಕಿರುವ ಬಲ ಕೆಡಿಪಿಗೆ ಇಲ್ಲ, ಯಾಕೆಂದರೆ ಸಚಿವರು ಸದನದಲ್ಲಿ 'ಮಾಡಿಸುತ್ತೇನೆ' ಎಂದರೆ ಅದು ಭರವಸೆ. ಅದನ್ನು ಹಿಂಬಾಲಿಸಲು ಸರ್ಕಾರಿ ಭರವಸೆಗಳ ಸಮಿತಿ ಎಂದೇ ಒಂದು ಸಮಿತಿ ಇದೆ. ಅಧಿಕಾರಿಗಳು ಉತ್ತರ ಬರೆಯುವಾಗ 'ಮಾಡಲಾಗುವುದು' ಬದಲು 'ಪರಿಶೀಲನೆಯಲ್ಲಿದೆ' ಎಂದು ಬರೆಯುವುದು ಸುಮ್ನೆ ಅಲ್ಲ. ಹಾಗಾಗಿ ಮರುಪ್ರಶ್ನೆಯಲ್ಲಿ ಸಚಿವರ ಬಾಯಿಂದ ಒಂದು ತಾರೀಕು ಹೊರಡಿಸುವುದೇ ಶಾಸಕರ ನಿಜವಾದ ಕಸುಬು. ಹಳೆಯ ಶಾಸಕರಿಗೆ ಇದು ಗೊತ್ತು. 'ಮಾನ್ಯ ಸಚಿವರು ವಿವರವಾದ ಉತ್ತರ ಕೊಟ್ಟಿದ್ದಾರೆ, ಧನ್ಯವಾದ' ಎಂದು ಕೂತುಬಿಡುವವರಿಗೆ ಗೊತ್ತಿಲ್ಲ, ಅಥವಾ ಸಚಿವರು ಅವರದ್ದೇ ಪಕ್ಷದವರು.

ಏನು ಕೇಳಬಹುದು ಎಂದು ನಾನೇ ಒಂದು ಬರೆದು ನೋಡಿದೆ. ಇದು ಯಾರೂ ಕೇಳಿದ್ದಲ್ಲ.

'ಇಂಥ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ಕೊನೆಯ ಪಾಳಿ ಮುಗಿಯುವ ವೇಳೆ ಯಾವುದು; ಆ ವೇಳೆಯ ನಂತರ ತಾಲ್ಲೂಕಿನ ಯಾವ ಯಾವ ಗ್ರಾಮ ಪಂಚಾಯಿತಿಗಳಿಗೆ ಬಸ್ ಸೌಲಭ್ಯವಿದೆ, ಯಾವುದಕ್ಕೆ ಇಲ್ಲ; ಕಳೆದ ಒಂದು ವರ್ಷದಲ್ಲಿ ಪಾಳಿ ತಪ್ಪಿಸಿಕೊಂಡ ರೋಗಿಗಳು ಎಷ್ಟು?'

ಮೂರೇ ಸಾಲು. ಮೊದಲ ಸಾಲು ಆರೋಗ್ಯ ಇಲಾಖೆಗೆ, ಎರಡನೆಯದು ಸಾರಿಗೆಗೆ. ಆದರೆ ಎರಡನೆಯದಕ್ಕೆ ಉತ್ತರ ಬರೆಯಬೇಕಾದರೆ ಮೊದಲನೆಯದರ ಉತ್ತರ ಬೇಕು, ಅಂದರೆ ಇಬ್ಬರು ಅಧಿಕಾರಿಗಳು ಒಮ್ಮೆಯಾದರೂ ಫೋನಿನಲ್ಲಿ ಮಾತಾಡಲೇಬೇಕು. ಮೂರನೆಯದಕ್ಕೆ 'ಉದ್ಭವಿಸುವುದಿಲ್ಲ' ಎಂದು ಬರೆಯಲು ಬರುವುದಿಲ್ಲ. ಬಹುಶಃ 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ' ಎಂದು ಬರುತ್ತದೆ. ಬರಲಿ, ಸಂಗ್ರಹ ಶುರುವಾದರೂ ಆಗುತ್ತದೆ.

ಪ್ರಶ್ನೆಗಳ ಪಟ್ಟಿ ಅಧಿವೇಶನಕ್ಕೆ ಎಷ್ಟೋ ದಿನ ಮೊದಲೇ ಸಚಿವಾಲಯಕ್ಕೆ ಹೋಗಬೇಕು. ಅದನ್ನು ಸಿದ್ಧ ಮಾಡುವುದು ಹೆಚ್ಚಾಗಿ ಶಾಸಕರ ಆಪ್ತ ಸಹಾಯಕರು, ಮತ್ತು ಅವರಿಗೆ ಯಾವಾಗಲೂ ಪ್ರಶ್ನೆಗಳ ಬರ. ನಿಮ್ಮ ಶಾಸಕರ ಕಚೇರಿಗೆ ಹೋಗುವುದಾದರೆ ಉದ್ದದ ಮನವಿ ಪತ್ರ ಬೇಡ. ಆಸ್ಪತ್ರೆಯ ಹೊರರೋಗಿ ವಿಭಾಗದ ವೇಳೆ ಬರೆದ ಬೋರ್ಡಿನದ್ದೊಂದು ಫೋಟೊ, ಬಸ್ ನಿಲ್ದಾಣದಲ್ಲಿ ನಿಮ್ಮೂರಿನ ಬಸ್ಸಿನ ವೇಳೆ ಬರೆದ ಬೋರ್ಡಿನದ್ದೊಂದು ಫೋಟೊ, ಎರಡನ್ನೂ ಒಂದೇ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿಕೊಂಡು ಹೋಗಿ.